ಮೂರನೆಯ ಸಲ ಕರೆಯಲಿಲ್ಲ

ನನ್ನ ತಮ್ಮನನ್ನು ನಾನು ಮೂರು ಸಲ ಕರೆಯಬೇಕಾಗಿತ್ತು. ಎರಡು ಸಲ ಕರೆದೆ. ಮೂರನೆಯ ಸಲ ಬೇಕೆಂದೇ ಕರೆಯಲಿಲ್ಲ. ಓದುವವರಿಗೆ ಇದೂ ಒಂದು ತಪ್ಪೇ ಅನ್ನಿಸಬಹುದು. ಆದರೆ ಇದನ್ನು ಹೇಳದೆ ನಾನು ಹದಿನಾಲ್ಕು ವರ್ಷ ಬದುಕಿದೆ, ಕೇಳಿದಾಗ ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಎಂತಹ ಕೇಡಾಯಿತು ಎನ್ನುವುದು ಮುಂದೆ ಗೊತ್ತಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸತ್ತವರು ಕರೆಯುತ್ತಾರೆ, ಸಾಯುವವರು ಸೂಚನೆ ಕೊಡುತ್ತಾರೆ ಎನ್ನುವ ಕತೆಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ಮೀನು ಮಾರಿ ಬದುಕಿದವಳು ನಾನು. ಕಿವಿರು ಎತ್ತಿ ನೋಡದೆ ತಾಜಾ ಎಂದು ಒಪ್ಪಿಕೊಳ್ಳುವುದು ನನ್ನಿಂದ ಆಗುವುದಿಲ್ಲ. ನಮ್ಮ ಕಡೆ ಹೆಂಗಸರು ಬುಟ್ಟಿ ಇಳಿಸಿ ಕೂತರೆ ಇಂತಹ ಕತೆಗಳು ಹತ್ತು ಬರುತ್ತವೆ. ಆಗೆಲ್ಲ ನಗುತ್ತಿದ್ದವಳು ನಾನೇ. ಆದ್ದರಿಂದ ನನಗೆ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ನಮ್ಮ ಮನೆ ಕುಮಟಾದ ಕಡಲ ಬದಿಯಲ್ಲಿತ್ತು. ಅಪ್ಪ ಬೇರೆಯವರ ದೋಣಿಗೆ ಹೋಗುತ್ತಿದ್ದ. ಎಪ್ಪತ್ತರ ಸುಮಾರಿಗೆ ಕುಮಟಾಕ್ಕೆ ಒಂದು ನಾಟಕ ಕಂಪನಿ ಬಂದು ಡೇರೆ ಹಾಕಿತು. ತಮ್ಮ ಮಾಧವನಿಗೆ ಆಗ ಏಳು ವರ್ಷ. ಮನೆಯಲ್ಲಿ ಎಲ್ಲರಿಗೂ ಅವನು ಮಾದು. ಭಜನೆಯಲ್ಲಿ ಅವನ ದನಿ ಕೇಳಿದ ಯಾರೋ ಕಂಪನಿ ಯಜಮಾನರಿಗೆ ಹೇಳಿದರು. ಅವರು ನಮ್ಮ ಅಂಗಳಕ್ಕೇ ಬಂದು, ಅವನಿಂದ ಒಂದು ಪದ ಹೇಳಿಸಿ, ಹುಡುಗನನ್ನು ಕೊಡಿ ಎಂದು ಕೇಳಿದರು. ಸಂಗಡ ರಕ್ತಸಂಬಂಧದವರು ಒಬ್ಬರು ಬರಲೇಬೇಕು, ಅದು ಕಂಪನಿಯ ಕಟ್ಟುಪಾಡು ಎಂದೂ ಹೇಳಿದರು. ಅಪ್ಪ ದೋಣಿ ಬಿಡುವ ಹಾಗಿರಲಿಲ್ಲ, ಅವ್ವ ಮೀನಿನ ಬುಟ್ಟಿ ಬಿಡುವ ಹಾಗಿರಲಿಲ್ಲ. ನನಗೆ ಹನ್ನೊಂದು ವರ್ಷ. "ನೀ ಹೋಗೆ. ಮುಂದಿನ ವರ್ಷ ಮತ್ತೆ ಸಾಲೆಗೆ ಹೋದ್ರಾತು" ಎಂದಳು ಅವ್ವ. ಆ ಮುಂದಿನ ವರ್ಷ ಬರಲೇ ಇಲ್ಲ.

ರಕ್ತಸಂಬಂಧದವರು ಯಾಕೆ ಬೇಕು ಎನ್ನುವುದು ಕಂಪನಿಗೆ ಹೋದ ಮೇಲೆ ತಿಳಿಯಿತು. ಮಾದುವಿನದು ಹಾವು ಕಚ್ಚಿ ಸಾಯುವ ರಾಜಕುಮಾರನ ಪಾರ್ಟು. ಕೊನೆಯ ದೃಶ್ಯದಲ್ಲಿ ಅವನ ಹೆಣದ ಮುಂದೆ ರಾಣಿ ಅಳುತ್ತಾಳೆ, ಪರದೆ ಬೀಳುತ್ತದೆ. ಹೆಣವಾಗಿ ಮಲಗಿದ ನಟ ಪರದೆ ಬಿದ್ದ ಕೂಡಲೇ ತಾನಾಗಿ ಏಳಬಾರದು, ಎದ್ದರೆ ಸಾವು ಮೈಗೆ ಅಂಟುತ್ತದೆ ಎನ್ನುವುದು ಆ ಕಂಪನಿಯವರ ನಂಬಿಕೆ. ಒಡಹುಟ್ಟಿದವರೋ ಹೆತ್ತವರೋ ಅವನ ಕಾಲಿನ ಬದಿಗೆ ನಿಂತು ಮನೆಯ ಹೆಸರು ಹಿಡಿದು ಮೂರು ಸಲ ಕರೆಯಬೇಕು. ಮೂರನೆಯದಕ್ಕೆ ಅವನು ಎದ್ದು ರಂಗದ ಹಲಗೆ ಮುಟ್ಟಿ ನಮಸ್ಕರಿಸಬೇಕು. ಮಲಗಿದವನು ಬೆಚ್ಚಬಾರದೆಂದು ಹಾರ್ಮೋನಿಯಂ ಮಾಸ್ತರು ಒಂದೇ ಸ್ವರ ಹಿಡಿದಿರುತ್ತಿದ್ದರು. ಮಾದುವಿನ ಶ್ರುತಿ ಕಪ್ಪು ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ. ಅದೇ ಸ್ವರದಲ್ಲಿ ನಾನು "ಮಾದೂ" ಎಂದು ಎಳೆದು ಕರೆಯಬೇಕು. ನಾಲ್ಕು ವರ್ಷ ನಾನು ಮಾಡಿದ ಕೆಲಸ ಇದು. ಇದರ ಜತೆ ಅವನ ಬಟ್ಟೆ ಒಗೆಯುವುದು, ಬಣ್ಣ ತೊಳೆಯುವುದು, ಮಾತು ಓದಿ ಓದಿ ಬಾಯಿಪಾಠ ಮಾಡಿಸುವುದು. ನನಗೆ ಅಕ್ಷರ ಮರೆತುಹೋಗದೆ ಉಳಿದದ್ದು ಅದರಿಂದ.

ಮಾದು ತಮಾಷೆಯ ಹುಡುಗ. ಎದ್ದು ನಮಸ್ಕಾರ ಮಾಡಿದವನೇ ನನ್ನ ಕಿವಿಯಲ್ಲಿ, "ಯಕ್ಕ, ನೀ ಲಗೂ ಲಗೂ ಕರೆಯೆ. ಇವತ್ತು ಮೂಗಿನ ಮೇಲೆ ನೊಣ ಕೂತಿತ್ತು" ಎನ್ನುತ್ತಿದ್ದ.

"ಸತ್ತವಂಗೆ ನೊಣ ಎಂತ ಮಾಡ್ತದೆ? ಸುಮ್ನಿರು."

"ಸತ್ತವಂಗೆ ಸೀನು ಬಂದ್ರೆ?"

ಆದರೆ ಒಂದು ದಿನವೂ ಅವನು ಸೀನಲಿಲ್ಲ, ಮೂರನೆಯ ಕರೆಗೆ ಮುಂಚೆ ಕಣ್ಣುರೆಪ್ಪೆ ಅಲುಗಿಸಲಿಲ್ಲ. ಜನ ಅವನ ದನಿಗೆ ಹುಚ್ಚಾಗಿದ್ದರು. ನೋಟು ತಂದು ಅಂಗಿಗೆ ಚುಚ್ಚುತ್ತಿದ್ದರು, ಪೇಡೆ ಕೊಡುತ್ತಿದ್ದರು. ಅವನು ಅರ್ಧ ಪೇಡೆ ನನಗೆ ಎತ್ತಿಡುತ್ತಿದ್ದ ಎನ್ನುವುದನ್ನು ಇಲ್ಲಿ ಬರೆಯದೆ ಹೋದರೆ ಅದು ಇನ್ನೊಂದು ತಪ್ಪಾಗುತ್ತದೆ.

ನಾಲ್ಕನೆಯ ವರ್ಷ ಕಂಪನಿ ತಿರುಗಿ ಕುಮಟಾಕ್ಕೆ ಬಂತು. ಮಳೆಗಾಲದ ಮುಂಚಿನ ಕೊನೆಯ ಕ್ಯಾಂಪು. ಕೊನೆಯ ಆಟದ ಸಂಜೆ ಡೇರೆಯ ಹಿಂದೆ ನಾನು ಪಾತ್ರೆ ತಿಕ್ಕುತ್ತಿದ್ದಾಗ ನನ್ನ ಜತೆ ಸಾಲೆಗೆ ಬರುತ್ತಿದ್ದ ಶಾಂತಿ ಇಬ್ಬರು ಗೆಳತಿಯರೊಂದಿಗೆ ಬಂದಳು. ಅವಳು ಆಗ ಹೈಸ್ಕೂಲಿನಲ್ಲಿದ್ದಳು, ಎರಡು ಜಡೆ ಹಾಕಿ ರಿಬ್ಬನ್ನು ಕಟ್ಟಿದ್ದಳು.

"ನಿಂಗೆ ಎಂತ ಪಾರ್ಟೆ?" ಎಂದು ಕೇಳಿದಳು.

"ನಂಗೆ ಪಾರ್ಟಿಲ್ಲ. ಕೊನೆಗೆ ತಮ್ಮನ ಕರೆಯೂದು ನಾನೆ."

"ಅಷ್ಟಕ್ಕೆ ನಾಲ್ಕು ವರ್ಷ ಸಾಲೆ ಬಿಟ್ಯಾ? ಕೋಳಿ ಕೂಗಿದ್ರೂ ಅವ ಏಳ್ತಿದ್ದ ಮಾರಾಯ್ತಿ!"

ಮೂವರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು.

ಅಂದು ರಾತ್ರಿ ನಾಟಕ ಮುಗಿಯುವ ಹೊತ್ತಿಗೆ ಕಡಲಿನಿಂದ ಗಾಳಿ ಎದ್ದಿತ್ತು. ಪರದೆ ಬಿತ್ತು. ಮಾಸ್ತರು ಸ್ವರ ಹಿಡಿದರು. ನಾನು ಕಾಲಿನ ಬದಿಗೆ ನಿಂತು ಕರೆದೆ: "ಮಾದೂ." ಮತ್ತೆ ಕರೆದೆ: "ಮಾದೂ." ಅಷ್ಟರಲ್ಲಿ ಡೇರೆಯ ಒಂದು ಬದಿ ಹಾರಿ ಮಳೆ ಒಳಗೆ ನುಗ್ಗಿತು. ದೀಪ ಹೋಯಿತು. ಮಾಸ್ತರು ಹಾರ್ಮೋನಿಯಂ ಅಪ್ಪಿಕೊಂಡು ಓಡಿದರು. ಉಳಿದವರೆಲ್ಲ ಹಗ್ಗ ಹಿಡಿಯಲು ಓಡಿದರು. ನನ್ನ ಬಾಯಿಗೆ ಮೂರನೆಯ ಕರೆ ಬಂದಿತ್ತು. ನಾನು ಅದನ್ನು ನುಂಗಿಕೊಂಡೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? ಕೋಳಿ ಕೂಗಿದರೂ ಏಳುತ್ತಾನಲ್ಲ, ಏಳಲಿ ನೋಡುವ ಎಂದುಕೊಂಡೆ. ಮಿಂಚಿದಾಗಲೆಲ್ಲ ಅವನು ಕಾಣುತ್ತಿದ್ದ. ಮುಖದ ಬಣ್ಣ ಕರಗಿ ಕಿವಿಯ ಕಡೆಗೆ ಹರಿಯುತ್ತಿತ್ತು. ಅವನು ಏಳಲಿಲ್ಲ. ನಾನು ಪಕ್ಕದ ಪರದೆಯ ಮರೆಯಲ್ಲಿ ನಿಂತು ನೋಡುತ್ತಲೇ ಇದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಕೊನೆಗೆ ಕತ್ತಲಲ್ಲಿ ಮಾದು ಕಂಪನಿಯ ಅಡಿಗೆಯವನ ಕಾಲಿಗೆ ಸಿಕ್ಕಿದ. ಅವನು "ಅಯ್ಯೋ, ಪೋರ ಇಲ್ಲೇ ಉಂಟಲ್ಲ!" ಎಂದು ಕೂಗಿ ಎತ್ತಿಕೊಂಡ. ನಾನು ಓಡಿಹೋಗಿ ಬಟ್ಟೆಯ ಪೆಟ್ಟಿಗೆಯ ಮೇಲೆ ಮಲಗಿ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದೆ. ಪಾಪ, ದಣಿದು ಮಲಗಿಬಿಟ್ಟಿದೆ ಎಂದು ಎಲ್ಲರೂ ನಂಬಿದರು. ಮಾಸ್ತರು ಕೂತಲ್ಲಿಗೆ ನನ್ನ ಎರಡು ಕರೆ ಗಾಳಿಯ ಸದ್ದಿನಲ್ಲಿ ಕೇಳಿರಲಿಲ್ಲ, ನಾನು ನಿಂತದ್ದೂ ಕಂಡಿರಲಿಲ್ಲ.

ಮಾದುವಿಗೆ ಹದಿನೈದು ದಿನ ಜ್ವರ. ಜ್ವರ ಬಿಟ್ಟಾಗ ದನಿ ಒಡೆದುಹೋಗಿತ್ತು. ಕೆಲವು ಗಂಡುಹುಡುಗರ ದನಿ ಹೀಗೆ ಬೇಗ ಒಡೆಯುವುದುಂಟು, ಒಂದೆರಡು ವರ್ಷ ಹೆಚ್ಚುಕಡಿಮೆ ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಬೇರೆ ಹುಡುಗರ ದನಿ ಒಡೆದು ಗಂಡಸಿನ ದನಿಯಾಗುತ್ತದೆ. ಇವನದು ಬರೀ ಗೊರಗೊರ ಸದ್ದಾಗಿ ಉಳಿಯಿತು. ಕಂಪನಿ ನಮ್ಮನ್ನು ಮನೆಗೆ ಕಳಿಸಿತು. ದಂಡೆಯ ಮೇಲೆ ಹುಡುಗರು "ಓ ರಾಜಕುಮಾರ, ಒಂದು ಪದ ಹೇಳಾ" ಎಂದು ಅಡ್ಡಗಟ್ಟಿ, ಅವನು ಬಾಯಿ ತೆರೆದರೆ ಕಪ್ಪೆಯ ಹಾಗೆ ಕೂಗಿ ನಗುತ್ತಿದ್ದರು. ಅವನು ಮಾತು ಕಮ್ಮಿ ಮಾಡಿದ. ಹಾರ್ಮೋನಿಯಂ ಮಾಸ್ತರು ಹೋಗುವಾಗ ಗಾಳಿ ಊದುವ ತಿದಿ ಹರಿದ ಒಂದು ಹಳೆಯ ಪೆಟ್ಟಿಗೆ ಕೊಟ್ಟಿದ್ದರು. ಅದನ್ನು ಬಿಚ್ಚಿ, ಅಂಟಿಸಿ, ನುಡಿಸಲು ಕಲಿತ. ದೋಣಿಗೆ ಬಾ ಎಂದು ಅಪ್ಪ ಬೈದರೂ ಹೋಗಲಿಲ್ಲ.

ನನ್ನ ಮದುವೆ ಹೊನ್ನಾವರದ ಕಡೆ ಆಯಿತು. ಮಾದು ಇಪ್ಪತ್ತಕ್ಕೆ ಮುಂಚೆಯೇ ಭಟ್ಕಳಕ್ಕೆ ಹೋಗಿ, ಒಬ್ಬರು ನವಾಯತ ಸಾಹೇಬರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಊರ ನಾಟಕದವರ ಪದಗಳಿಗೆ ಮಟ್ಟು ಹಾಕುತ್ತಿದ್ದ. ಮಕ್ಕಳಿಗೆ ಕಲಿಸುತ್ತಿದ್ದ. ಹೆಚ್ಚಾಗಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಒಳಗಿನ ಹಿತ್ತಾಳೆಯ ರೀಡನ್ನು ಎಳ್ಳಷ್ಟು ಕೆರೆದು, ಊದಿ, ಕಿವಿಗಿಟ್ಟು ಕೇಳಿ, ಮತ್ತೆ ಕೆರೆಯುವುದು. ಕುಂದಾಪುರದ ಕಡೆಯಿಂದಲೂ ಪೆಟ್ಟಿಗೆಗಳು ಬರುತ್ತಿದ್ದವು. ದನಿ ಹೋದರೇನು, ಕಿವಿ ದೇವರು ಕೊಟ್ಟದ್ದು ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿ ನನಗೂ ಸಮಾಧಾನವಾಗುತ್ತಿತ್ತು. ನಾನು ಅವನಿಂದ ಕಸಿದುಕೊಂಡದ್ದಕ್ಕೆ ಬದಲು ಇನ್ನೊಂದು ಸಿಕ್ಕಿತಲ್ಲ ಎಂದು.

ಒಮ್ಮೆ ಒಣಮೀನು ಕಟ್ಟಿಕೊಂಡು ಅವನ ಕೋಣೆಗೆ ಹೋಗಿದ್ದೆ. ಚಾಪೆಯ ಮೇಲೆ ರೀಡುಗಳನ್ನು ಸಾಲಾಗಿ ಹಾಕಿಕೊಂಡು ಕೂತಿದ್ದ. ತಲೆ ಎತ್ತದೆ ಕೇಳಿದ.

"ಯಕ್ಕ, ಆ ಗಾಳಿಮಳೆ ರಾತ್ರಿ ನಿಂಗೆ ಖರೆ ನಿದ್ದೆ ಬಂದಿತ್ತಾ?"

"ಹೌದು. ಎಷ್ಟು ಸಲ ಹೇಳೂದು?"

"ಒಂದು ಸಲನೂ ಕರೆಯಲಿಲ್ಲ ನೀನು?"

"ನಿದ್ದೆಯಲ್ಲಿ ಇದ್ದವಳು ಹ್ಯಾಂಗೆ ಕರೆಯೂದು ಮಾರಾಯ?"

ಅವನು ಒಂದು ರೀಡು ಎತ್ತಿ ಊದಿದ. "ನಂಗೆ ಎರಡು ಕೇಳಿತ್ತು. ಸರೀ ಕಪ್ಪು ನಾಲ್ಕಕ್ಕೆ. ಮೂರನೇದು ಬತ್ತದೆ ಹೇಳಿ ಕಾದಿದ್ದೆ."

"ಮಳೆಯಲ್ಲಿ, ಜ್ವರದಲ್ಲಿ ಎಂತೆಂತದೋ ಕೇಳ್ತದೆ. ಇಲ್ಲದ್ದೆಲ್ಲ ಕೇಳ್ತದೆ."

"ಹಾಂಗಾದ್ರೆ ನನ್ನ ಕಿವಿಗೆ ಇಲ್ಲದ್ದೇ ಕೇಳಿದ್ದು ಹೇಳಿ ಆತು" ಎಂದ. ನನ್ನ ಮುಖವನ್ನು ಒಂದು ಗಳಿಗೆ ನೋಡಿದ. "ಆತು" ಎಂದ.

ಅಂದಿನಿಂದ ಅವನು ತನ್ನ ಕಿವಿಯನ್ನು ನಂಬಲಿಲ್ಲ. ನನಗೆ ಇದು ಕೂಡಲೇ ತಿಳಿಯಲಿಲ್ಲ. ಮುಂದಿನ ಸಲ ಹೋದಾಗ ಕಲಿಯುವ ಒಬ್ಬ ಹುಡುಗನಿಗೆ ಸ್ವರ ಕೇಳಿಸಿ, "ಇದು ಸರಿ ಉಂಟಾ? ನಿಂಗೆ ಎಂತ ಅನ್ನಿಸ್ತದೆ?" ಎಂದು ಕೇಳುತ್ತಿದ್ದ. ಪಾಠ ಕೇಳಲು ಬಂದ ಮಗು ಏನು ಹೇಳೀತು? ಆಮೇಲೆ ಮೆಟ್ಟಿಲು ಹತ್ತಿದವರನ್ನೆಲ್ಲ ಕೇಳತೊಡಗಿದ. ಸರಿಯಿದ್ದ ರೀಡನ್ನೇ ಮತ್ತೆ ಮತ್ತೆ ಕೆರೆದು ಹಾಳುಮಾಡುತ್ತಿದ್ದ. ಹೇಳಿದ ದಿನಕ್ಕೆ ಪೆಟ್ಟಿಗೆ ಕೊಡುತ್ತಿರಲಿಲ್ಲ. ಬರುವವರು ಕಮ್ಮಿಯಾದರು. ಕಾರಣ ನನಗೊಬ್ಬಳಿಗೆ ಗೊತ್ತಿತ್ತು. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು: ನಿನ್ನ ಕಿವಿ ಸರಿ ಇದೆ, ನಾನು ಎರಡು ಸಲ ಕರೆದದ್ದು ಹೌದು. ಪ್ರತಿ ಸಲ ಬಸ್ಸಿನಲ್ಲಿ ಹೇಳಿಕೊಂಡು ಹೋಗುತ್ತಿದ್ದೆ. ಮೆಟ್ಟಿಲು ಹತ್ತಿ ಹೋಗಿ ಒಣಮೀನಿನ ಕಟ್ಟು ಬಿಚ್ಚಿ ಬೇರೆ ಮಾತು ತೆಗೆಯುತ್ತಿದ್ದೆ. ದನಿ ಹೋದದ್ದೂ ನನ್ನಿಂದಲೇ ಎಂದು ಆಗ ಒಪ್ಪಬೇಕಾಗುತ್ತಿತ್ತಲ್ಲ. ಹಾಗೆ ನಾಲ್ಕು ವರ್ಷ ಕಳೆಯಿತು.

ಎಂಬತ್ತರ ದಶಕದ ಕೊನೆಯ ಭಾಗದ ಒಂದು ಮಳೆಗಾಲದ ಕೊನೆಗೆ ಅವನಿಗೆ ಕಾಮಾಲೆ ಎಂದು ಸುದ್ದಿ ಬಂತು. ನಾಟಿ ಔಷಧ ನಡೆಯುತ್ತಿದೆ ಎಂದರು. ಬಂಗಡೆಯ ಸುಗ್ಗಿ, ಈ ವಾರ ಮುಗಿಯಲಿ ಬರುತ್ತೇನೆ ಎಂದು ಹೇಳಿಕಳಿಸಿದೆ.

ಅದೇ ವಾರದ ಒಂದು ಮಧ್ಯಾಹ್ನ. ಹೊನ್ನಾವರದ ಬದಿಯ ಕಾಸರಕೋಡಿನ ಮರಳಿನ ಮೇಲೆ ಮೀನು ಒಣಗಲು ಹರವಿ, ಬಲೆ ಇಡುವ ಚಪ್ಪರದ ನೆರಳಿನಲ್ಲಿ ನಾನು ಅಡ್ಡಾಗಿದ್ದೆ. ಸ್ವಲ್ಪ ಆಚೆ ಮುದುಕಿ ನಾಗಮ್ಮ ಕಾಗೆ ಓಡಿಸುತ್ತ ಕೂತಿದ್ದಳು. ನನಗೆ ನಿದ್ದೆ ಬಂದಿರಲಿಲ್ಲ. ಬೆನ್ನಿಗೆ ಬಲೆಯ ಗಂಟು ಒತ್ತುತ್ತಿತ್ತು, ಅದು ನನಗೆ ಗೊತ್ತಾಗುತ್ತಿತ್ತು. ಆಗ ನನ್ನ ಕಾಲಿನ ಬದಿಯಿಂದ ಯಾರೋ ಕರೆದರು.

"ಯಕ್ಕಾ."

ಕಪ್ಪು ನಾಲ್ಕು. ಸಾವಿರ ಸಲ ನನ್ನ ಗಂಟಲಿನಿಂದ ಹೊರಟ ಸ್ವರ ಅದು, ನನಗೆ ತಪ್ಪುವುದಿಲ್ಲ. ದನಿ ಭಟ್ಕಳದ ಕೋಣೆಯಲ್ಲಿದ್ದ ಗಂಡಸಿನದಲ್ಲ. ಹನ್ನೊಂದು ವರ್ಷದ ಹುಡುಗನದು, ಒಡೆಯುವುದಕ್ಕೆ ಮುಂಚಿನದು.

"ಯಕ್ಕಾ."

ಎರಡನೆಯದು ಮೊದಲಿನಷ್ಟೇ ಎಳೆದು, ನಿಧಾನವಾಗಿ ಬಂತು. ನನಗೆ ಹೆದರಿಕೆಯಾಗಲಿಲ್ಲ. ಮೂರನೆಯದಕ್ಕೆ ಏಳಬೇಕು ಎಂದಷ್ಟೇ ಅನ್ನಿಸಿತು. ಕಣ್ಣು ಮುಚ್ಚಿ ಕಾದೆ. ಮೂರನೆಯದು ಬರಲಿಲ್ಲ. ಏಳೋಣ ಎಂದರೆ ಕೈಕಾಲು ನನ್ನವಲ್ಲ ಎನ್ನುವ ಹಾಗಿತ್ತು. ಅಲೆಯ ಸದ್ದು ಕೇಳುತ್ತಿತ್ತು, ನಾಗಮ್ಮ ಕಾಗೆಗೆ ಬೈಯುವುದು ಕೇಳುತ್ತಿತ್ತು. ನೆರಳು ಸರಿದು ಬಿಸಿಲು ಪಾದಕ್ಕೆ ಬಿತ್ತು, ಮೊಣಕಾಲಿಗೆ ಬಂತು, ಸುಡತೊಡಗಿತು. ನಾನು ಮಲಗಿಯೇ ಇದ್ದೆ. ಆ ರಾತ್ರಿ ಮಾದು ಆ ಹಲಗೆಯ ಮೇಲೆ ಏನು ಅನುಭವಿಸಿದ ಎಂದು ನನಗೆ ಆಗ ಗೊತ್ತಾಯಿತು. ಕರೆಯುವವರು ಅಲ್ಲೇ ನಿಂತಿದ್ದಾರೆ, ಆದರೆ ಕರೆಯುತ್ತಿಲ್ಲ. ಅಷ್ಟೇ. ಅದಕ್ಕಿಂತ ದೊಡ್ಡ ಹೆದರಿಕೆ ನಾನು ಕಂಡಿಲ್ಲ.

ಕೊನೆಗೆ ನಾಗಮ್ಮನೇ ಬಂದು ನನ್ನ ಭುಜ ಅಲುಗಿಸಿದಳು. "ಎಂತದೇ ನಿಂಗೆ? ಯಾರದೋ ಹುಡ್ಗ ಆವಾಗ ಕರೆದ್ನಲೇ, ಎದ್ದು ನೋಡೂದಲ್ದಾ?"

"ನಿಂಗೂ ಕೇಳಿತ್ತಾ? ಎಷ್ಟು ಸಲ ಕರೆದ?"

"ಎರಡು ಸಲ. ಮತ್ತೆ ಸುಮ್ನಾದ. ಹುಡ್ಗ ಕಾಣ್ಲಿಲ್ಲ, ನನ್ನ ಕಣ್ಣು ನಿಂಗೆ ಗೊತ್ತಲ್ಲ."

ಸಂಜೆ ನಾಲ್ಕರ ಹೊತ್ತಿಗೆ ಭಟ್ಕಳದಿಂದ ಮಾದುವಿನ ಶಿಷ್ಯನೊಬ್ಬ ಬಂದ. ಅವನು ಬಾಯಿ ತೆರೆಯುವ ಮುಂಚೆಯೇ ನಾನು ಸೀರೆ ಬದಲಿಸಲು ಎದ್ದಿದ್ದೆ.

ನಾವು ಭಟ್ಕಳ ಮುಟ್ಟುವಾಗ ದೀಪ ಹಚ್ಚಿದ್ದರು. ಸಾಹೇಬರು ಕೆಳಗೆ ಅಂಗಡಿಯ ಬಾಗಿಲು ಹಾಕಿ ಮೆಟ್ಟಿಲ ಮೇಲೆ ಕೂತಿದ್ದರು. "ಬೆಳಗಿಂದ ಒಂದೇ ರೀಡು ಹಿಡ್ಕೊಂಡು ಕೂತಿದ್ದ ಬೇಟಿ. ಸಾಹೇಬ್ರೇ, ಇದು ಸರಿ ಉಂಟಾ ಹೇಳಿ, ಅಂತ ನನ್ನ ಕೇಳಿದ. ನನಗೆ ಸ್ವರ ಗಿರ ಎಂತ ಗೊತ್ತು? ಸರಿ ಉಂಟು ಮಗಾ ಅಂದೆ. ಅವ ನಂಬಲಿಲ್ಲ. ಮಧ್ಯಾಹ್ನದ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಖಲಾಸ್." ಅದು ಯಾವ ರೀಡು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮೇಲೆ ಹೋಗಿ ನೋಡಿದೆ. ಪೆಟ್ಟಿಗೆಯ ಬೆನ್ನು ತೆಗೆದಿತ್ತು. ನಾಲ್ಕನೆಯ ಕಪ್ಪು ಮನೆಯ ರೀಡಿನ ಜಾಗ ಖಾಲಿ ಇತ್ತು.

ಇದನ್ನು ಏನೆಂದು ತಿಳಿಯಬೇಕೋ ನನಗೆ ಇಂದಿಗೂ ಗೊತ್ತಿಲ್ಲ. ದಂಡೆಯ ಮೇಲೆ ಯಾವುದೋ ಹುಡುಗ ತನ್ನ ಅಕ್ಕನನ್ನು ಕರೆದಿರಬಹುದು. ಅಲ್ಲಿ ದಿನವೂ ನೂರು ಜನ ಓಡಾಡುತ್ತಾರೆ, ಮರಳಿನ ಮೇಲೆ ಹೆಜ್ಜೆ ಹುಡುಕುವ ಹಾಗಿರಲಿಲ್ಲ. ಸಾಹೇಬರು ನಮಾಜಿಗೆ ಹೋದದ್ದು ಯಾವ ಗಳಿಗೆ, ಮಾದುವಿನ ಉಸಿರು ನಿಂತದ್ದು ಯಾವ ಗಳಿಗೆ, ನಾನು ಮಲಗಿದ್ದು ಯಾವ ಗಳಿಗೆ, ಯಾರೂ ಗಡಿಯಾರ ನೋಡಿರಲಿಲ್ಲ. ನಾಗಮ್ಮನಿಗೆ ಕಣ್ಣು ಮಂದ, ಕಿವಿಯೂ ಸ್ವಲ್ಪ ಮಂದ. ನನ್ನ ಮಗನಿಗೆ ಹೇಳಿದರೆ, ಬಿಸಿಲಿಗೆ ಹಾಗಾಗುತ್ತದೆ ಅವ್ವ, ಇಲ್ಲದ್ದೆಲ್ಲ ಕೇಳುತ್ತದೆ ಎಂದ. ನಾನು ಮಾದುವಿಗೆ ಹೇಳಿದ ಮಾತೇ ಅದು. ಮೂರು ಸಲ ಕರೆದಿದ್ದರೆ ನಾನೂ ಹಾಗೆಯೇ ನಂಬುತ್ತಿದ್ದೆ. ಎರಡೇ ಕರೆದದ್ದಕ್ಕೆ ಉತ್ತರ ಸಿಕ್ಕುವುದಿಲ್ಲ. ಆ ಎರಡರ ಲೆಕ್ಕ ಇದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅವನ ಪಾಲಿನದನ್ನು ನಾನು ಸುಳ್ಳು ಎಂದು ಹೇಳಿ ಅಳಿಸಿಹಾಕಿದ್ದೆ.

ಆ ಸಂಜೆ ಕೋಣೆಯ ತುಂಬ ಜನ. ಶಿಷ್ಯರು, ಅವರ ತಾಯಂದಿರು, ನಾಟಕದವರು. ಅವನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಮುಖ ಅರಿಶಿನ ಹಚ್ಚಿದ ಹಾಗೆ ಹಳದಿಯಾಗಿತ್ತು. ರಾಜಕುಮಾರನ ಬಣ್ಣವನ್ನೂ ಹಾಗೆಯೇ ಹಚ್ಚುತ್ತಿದ್ದರು. ನಾನು ಅಳದೆ ನಿಂತದ್ದನ್ನು ನೋಡಿ ಒಬ್ಬ ಹೆಂಗಸು, "ಕರೆಯೇ ಒಂದ್ಸಲ. ಒಡಹುಟ್ಟಿದವಳು, ಕರೆದು ಕಳಿಸು" ಎಂದಳು.

ನಾನು ತಲೆಯ ಬದಿಯಿಂದ ಸರಿದು ಅವನ ಕಾಲಿನ ಬದಿಗೆ ಹೋಗಿ ನಿಂತೆ. ಸ್ವರ ಹಿಡಿಯುವವರು ಯಾರೂ ಇರಲಿಲ್ಲ. ಹಿಡಿಯುವುದು ಬೇಕಾಗಲೂ ಇಲ್ಲ. "ಮಾದೂ" ಎಂದು ಕರೆದೆ. ಅದು ಮೂರನೆಯದು. ಕರೆದು, ಹುಚ್ಚಿಯ ಹಾಗೆ, ಅವನ ಕಣ್ಣುರೆಪ್ಪೆಯನ್ನೇ ನೋಡುತ್ತ ಕಾದೆ. ಒಂದು ದಿನವೂ ಮೂರನೆಯ ಕರೆಗೆ ತಪ್ಪದ ಹುಡುಗ. ಅಂದು ಏಳಲಿಲ್ಲ.

ಆಗ ಅಷ್ಟು ಜನರ ಎದುರಿಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನಿನ್ನ ಕಿವಿ ಸರಿ ಇತ್ತು ಮಾದು. ನಾ ಎರಡು ಸಲ ಕರೆದದ್ದು ಹೌದು. ನಂಗೆ ನಿದ್ದೆ ಬಂದಿರಲಿಲ್ಲ, ನೀ ನೆನೆಯೂದು ನೋಡ್ತಾ ಅಲ್ಲೇ ನಿಂತಿದ್ದೆ. ತಪ್ಪಾತು ತಮ್ಮಾ. ನಂದು ತಪ್ಪಾತು."